ಪ್ರಕೃತಿವಿಕೋಪವೂ ನಮ್ಮ ಕರ್ತವ್ಯವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಸಂಸೆಯಲ್ಲಿ ನೆರೆದ ಭಕ್ತರ ಸಭೆಯಲ್ಲಿ ಮಠದ ಪಾಠಶಾಲೆಯ ಪಂಡಿತರು ಮಾಡಿದ ಉಪನ್ಯಾಸ)



ಪ್ರಕೃತಿವಿಕೋಪಗಳನ್ನು ಕುರಿತು ನಾಲ್ಕು ಮಾತುಗಳನ್ನು ಆಡತಕ್ಕದ್ದೆಂದು ನನಗೆ ಅಪ್ಪಣೆಯಾಗಿದೆ. ಮಹೋತ್ಸವದ ಮಂಗಳಕಾಲದಲ್ಲಿ ಪ್ರಳಯದ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಸಂಸೆ, ಕಳಸ, ಮೂಡಿಗೆರೆಯ ಈ ಮಲೆಸೀಮೆಯವರಿಗೆ ಇದು ಪರರ ಮಾತಲ್ಲ, ಮನೆಯ ಮಾತು. ಶ್ರಾವಣದ ರಾತ್ರಿಯಲ್ಲಿ ಮಳೆಯು ಬಿಡದೆ ಹೊಯ್ಯುತ್ತಿರುವಾಗ, ಮನೆಯ ಹಿಂದಣ ಧರೆಯ ಕಡೆಗೆ ಕಿವಿಯಿಟ್ಟು ಮಲಗುವ ಅಭ್ಯಾಸವು ನಮ್ಮಲ್ಲಿ ಎಷ್ಟು ಮನೆಗಳಿಗೆ ಉಂಟೆಂಬುದನ್ನು ನಾನು ತಮಗೆ ಹೇಳಬೇಕಾದುದಿಲ್ಲ. ಆ ಕಿವಿಯು ಏನನ್ನು ಕೇಳಬೇಕು, ಕೇಳಿದ ಮೇಲೆ ನಾವು ಏನು ಮಾಡಬೇಕು ಎಂಬುದೇ ಈ ಹೊತ್ತಿನ ನನ್ನ ವಿಷಯ.

ಮೊದಲು ಕಡಲಿನ ವಿಚಾರವನ್ನು ಹೇಳಿ, ಆಮೇಲೆ ನಮ್ಮ ಗುಡ್ಡಗಳಿಗೆ ಬರುತ್ತೇನೆ. ಸುನಾಮಿ ಎಂಬುದು ಜಪಾನೀ ಭಾಷೆಯ ಪದ. ಬಂದರಿನ ಅಲೆ ಎಂದು ಅದರ ಅರ್ಥ. ಕಡಲ ತಳದಲ್ಲಿ ಭೂಕಂಪವಾಗಿ ನೆಲವು ಮೇಲಕ್ಕೆದ್ದಾಗ ಅಥವಾ ಕೆಳಕ್ಕೆ ಕುಸಿದಾಗ, ಅದರ ಮೇಲಿರುವ ಸಮಸ್ತ ಜಲರಾಶಿಯೂ ಒಮ್ಮೆಗೇ ಕದಲಿ ಸುತ್ತಲೂ ಹೊರಡುತ್ತದೆ. ಆಳವಾದ ಕಡಲಿನಲ್ಲಿ ಈ ಅಲೆಯು ಗಂಟೆಗೆ 700, 800 ಕಿಲೋಮೀಟರ್ ವೇಗದಿಂದ ಓಡುತ್ತಿದ್ದರೂ ಅದರ ಎತ್ತರವು ಅತ್ಯಲ್ಪವಾದುದರಿಂದ ಹಡಗಿನಲ್ಲಿರುವವನಿಗೆ ಅದು ತನ್ನ ಕೆಳಗೆ ಹಾದುಹೋದುದೇ ತಿಳಿಯುವುದಿಲ್ಲ. ದಡವು ಸಮೀಪಿಸಿ ನೀರಿನ ಆಳವು ಕಡಿಮೆಯಾದಂತೆ ವೇಗವು ಕುಗ್ಗಿ ಎತ್ತರವು ಬೆಳೆಯುತ್ತದೆ. ಬಂದರಿನಲ್ಲಿ ನಿಂತವನಿಗೆ ಮಾತ್ರ ಕಾಣತಕ್ಕ ಅಲೆಯಾದುದರಿಂದಲೇ ಆ ಹೆಸರು ಬಂದಿದೆ.

2004ನೆಯ ಇಸವಿ ಡಿಸೆಂಬರ್ 26ನೆಯ ಭಾನುವಾರ ಬೆಳಗ್ಗೆ ಸುಮಾತ್ರಾ ದ್ವೀಪದ ಉತ್ತರಭಾಗದ ಸಮೀಪ ಕಡಲಿನಲ್ಲಿ 9.1ರ ಪ್ರಮಾಣದ ಭೂಕಂಪವಾಯಿತು. ಅದರಿಂದೆದ್ದ ಅಲೆಗಳಿಂದ ಹದಿನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಮೇಲ್ಪಟ್ಟ ಜನರು ಮೃತರಾದರು. ನಮ್ಮ ದೇಶದಲ್ಲಿ ಅಂಡಮಾನ್ ನಿಕೋಬಾರ್ ದ್ವೀಪಗಳೂ ತಮಿಳುನಾಡಿನ ನಾಗಪಟ್ಟಣದ ತೀರವೂ ಅತಿಯಾಗಿ ನೊಂದವು. ಇಲ್ಲಿ ತಾವು ಗಮನಿಸಬೇಕಾದ ಸಂಗತಿಯೊಂದಿದೆ. ಭೂಮಿ ನಡುಗಿದ ಹೊತ್ತಿಗೂ ತಮಿಳುನಾಡಿನ ದಡಕ್ಕೆ ಅಲೆ ತಲಪಿದ ಹೊತ್ತಿಗೂ ನಡುವೆ ಸುಮಾರು ಎರಡು ತಾಸುಗಳಿದ್ದವು. ಎರಡು ತಾಸು ಎಂದರೆ ಮುದುಕರೂ ಮಕ್ಕಳೂ ನಡೆದು ದೂರ ಹೋಗುವುದಕ್ಕೆ ಸಾಕಾದಷ್ಟು ಕಾಲ. ಆದರೆ ಹೇಳುವವರಿರಲಿಲ್ಲ. ಹಿಂದೂ ಮಹಾಸಾಗರಕ್ಕೆ ಆಗ ಸುನಾಮಿಯ ಮುನ್ಸೂಚನೆಯ ವ್ಯವಸ್ಥೆಯೇ ಇರಲಿಲ್ಲ. ಹೈದರಾಬಾದಿನಲ್ಲಿ ಅಂಥ ಕೇಂದ್ರವು 2007ರಲ್ಲಿ ಸ್ಥಾಪಿತವಾಗಿ ಈಗ ಕೆಲಸಮಾಡುತ್ತಿದೆ.

ಯಂತ್ರವಿಲ್ಲದಿದ್ದರೂ ಕಡಲು ತಾನೇ ಒಂದು ಸೂಚನೆಯನ್ನು ಕೊಟ್ಟಿತ್ತು. ಅನೇಕ ತೀರಗಳಲ್ಲಿ ಅಲೆಯು ಬರುವುದಕ್ಕೆ ಮುಂಚೆ ಕಡಲು ಹಿಂದಕ್ಕೆ ಸರಿಯಿತು. ಎಂದೂ ಕಾಣದ ತಳದ ಮರಳೂ ಬಂಡೆಗಳೂ ಕಂಡವು. ಮೀನುಗಳು ಒದ್ದಾಡುತ್ತ ಬಿದ್ದವು. ಅರಿಯದ ಜನರು ಈ ವಿಚಿತ್ರವನ್ನು ನೋಡುವುದಕ್ಕೂ ಮೀನನ್ನು ಆಯುವುದಕ್ಕೂ ಮುಂದೆ ಮುಂದೆ ಹೋದರು. ಹೋದವರು ಹಿಂದಿರುಗಲಿಲ್ಲ.

ಅದೇ ಸುಮಾತ್ರಾದ ಪಕ್ಕದಲ್ಲಿ ಸಿಮೆಉಲು ಎಂಬ ಸಣ್ಣ ದ್ವೀಪವಿದೆ. ಭೂಕಂಪದ ಕೇಂದ್ರಕ್ಕೆ ಅತ್ಯಂತ ಸಮೀಪವಾದುದರಿಂದ ಅಲ್ಲಿಗೆ ಅಲೆಯು ಕೆಲವೇ ನಿಮಿಷಗಳಲ್ಲಿ ಬಂದಿತು. ಯಾವ ಯಂತ್ರವೂ ಅಷ್ಟರಲ್ಲಿ ಸುದ್ದಿ ಮುಟ್ಟಿಸಲಾರದು. ಆದರೂ ಸುಮಾರು 78,000 ಜನಸಂಖ್ಯೆಯಲ್ಲಿ ಮೃತರಾದವರು ಏಳು ಮಂದಿ ಮಾತ್ರ. ಕಾರಣವೇನೆಂದರೆ, 1907ರಲ್ಲಿ ಆ ದ್ವೀಪವು ಇಂಥದೇ ಅಲೆಯಿಂದ ಹಾಳಾಗಿತ್ತು. ಅಂದು ಉಳಿದವರು ಅದನ್ನು ‘ಸ್ಮೊಂಗ್’ ಎಂದು ಕರೆದು, ನೆಲ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡಬೇಕೆಂಬುದನ್ನು ಕಥೆಯಾಗಿಯೂ ಹಾಡಾಗಿಯೂ ಮಕ್ಕಳಿಗೆ ಹೇಳಿಕೊಟ್ಟಿದ್ದರು. ತೊಂಬತ್ತೇಳು ವರ್ಷಗಳ ತರುವಾಯ ಆ ಅಜ್ಜಿಯರ ಮಾತು ಊರನ್ನು ಕಾಪಾಡಿತು. ಥಾಯ್‌ಲೆಂಡಿನ ಒಂದು ತೀರದಲ್ಲಿ ಹತ್ತು ವರ್ಷದ ಆಂಗ್ಲ ಬಾಲಕಿಯೊಬ್ಬಳು, ಕೆಲವೇ ದಿನಗಳ ಹಿಂದೆ ಶಾಲೆಯ ಭೂಗೋಳ ಪಾಠದಲ್ಲಿ ಕೇಳಿದ್ದ ಲಕ್ಷಣಗಳನ್ನು ಕಡಲಿನಲ್ಲಿ ಗುರುತಿಸಿ ತಂದೆತಾಯಿಗಳನ್ನು ಎಚ್ಚರಿಸಿದಳು; ಆ ತೀರದಲ್ಲಿದ್ದವರೆಲ್ಲರೂ ಬದುಕಿದರು. ಒಂದು ಕಡೆ ಅಜ್ಜಿಯ ಕಥೆ, ಮತ್ತೊಂದು ಕಡೆ ಉಪಾಧ್ಯಾಯರ ಪಾಠ. ಎರಡೂ ವಿದ್ಯೆಯೇ. ಪಾಠಶಾಲೆಯಲ್ಲಿ ಬೆಳೆದ ನನ್ನಂಥವನಿಗೆ ಇವೆರಡರಲ್ಲಿ ಯಾವುದು ಹೆಚ್ಚು, ಯಾವುದು ಕಡಮೆ ಎಂದು ಹೇಳುವ ಧೈರ್ಯವಿಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ಆಕಾಶವು ತಿಳಿಯಾದ ದಿನ ಕುದುರೆಮುಖದ ಶಿಖರದಿಂದ ಪಡುವಣ ಕಡಲು ಕಾಣುವುದಷ್ಟೆ. ಆ ಕಡಲು ಅಲೆಯಾಗಿ ಸಂಸೆಯವರೆಗೆ ಬರಲಾರದು. ಆದರೆ ಮೋಡವಾಗಿ ಪ್ರತಿವರ್ಷವೂ ಬರುತ್ತದೆ. ಘಟ್ಟದ ಗೋಡೆಗೆ ತಾಗಿ ಮೇಲೇರಿ ತಂಪಾಗಿ ಸುರಿಯುತ್ತದೆ. ತುಂಗೆ, ಭದ್ರೆ, ನೇತ್ರಾವತಿಗಳು ಈ ಬೆಟ್ಟಗಳಲ್ಲಿ ಹುಟ್ಟುವುದು ಅದರಿಂದಲೇ. ನಮ್ಮ ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಮಳೆಯು ಸರಾಸರಿ 7,000 ಮಿಲಿಮೀಟರಿಗೂ ಮೇಲೆ.

ತೋಟವುಳ್ಳವರು ಮಳೆಯನ್ನು ಇಂಚು ಸೆಂಟುಗಳಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುವ ಪದ್ಧತಿಯು ಈ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅವರಿಗಾಗಿ ಒಂದು ಲೆಕ್ಕವನ್ನು ಹೇಳುತ್ತೇನೆ. ಒಂದು ಎಕರೆ ನೆಲದ ಮೇಲೆ ಒಂದು ಇಂಚು ಮಳೆಯಾದರೆ ಬೀಳುವ ನೀರು ಒಂದು ಲಕ್ಷ ಲೀಟರಿಗೂ ಹೆಚ್ಚು. ತೂಕದಲ್ಲಿ ನೂರು ಟನ್ನಿಗೆ ಮೇಲೆ. ಹತ್ತು ಇಂಚು ಬಿದ್ದ ದಿವಸ ಎಕರೆಗೆ ಸಾವಿರ ಟನ್ನು. ಇದರಲ್ಲಿ ಒಂದಂಶವು ಹರಿದುಹೋಗುತ್ತದೆ, ಉಳಿದುದು ಮಣ್ಣಿಗಿಳಿಯುತ್ತದೆ. ನಮ್ಮ ಗುಡ್ಡಗಳಲ್ಲಿ ಮೇಲೆ ಆಳವಾದ ಮಣ್ಣು, ಅದರಡಿಯಲ್ಲಿ ಗಟ್ಟಿಯಾದ ಬಂಡೆ. ಇಂಗಿದ ನೀರು ಬಂಡೆಯನ್ನು ಮುಟ್ಟಿ ಮುಂದೆ ಇಳಿಯಲಾರದೆ ಅಲ್ಲಿಯೇ ತುಂಬಿಕೊಳ್ಳುತ್ತದೆ. ಮಣ್ಣಿನ ಭಾರವು ಹೆಚ್ಚುತ್ತದೆ. ಮಣ್ಣಿಗೂ ಬಂಡೆಗೂ ಇರುವ ಹಿಡಿತವು ಸಡಿಲುತ್ತದೆ. ಬೇರುಗಳ ಬಲೆಯೂ ಗುಡ್ಡದ ಬುಡವೂ ಭದ್ರವಾಗಿರುವವರೆಗೆ ಅದು ನಿಲ್ಲುತ್ತದೆ. ಮೇಲೆ ಕಾಡನ್ನು ಕಡಿದು, ಕೆಳಗೆ ರಸ್ತೆಗೋ ಕಟ್ಟಡಕ್ಕೋ ಬುಡವನ್ನು ಕತ್ತರಿಸಿ ನೆಟ್ಟಗಿನ ಧರೆಮಾಡಿ, ನಡುವೆ ನೀರಿನ ದಾರಿಯನ್ನು ಮುಚ್ಚಿದರೆ ಗುಡ್ಡವು ಯಾವುದರ ಮೇಲೆ ನಿಂತೀತು?

ಕೆಲವು ವರ್ಷಗಳ ಸಂಗತಿಗಳನ್ನು ನಮ್ಮ ಮಳೆನಕ್ಷತ್ರಗಳ ಕ್ರಮದಲ್ಲಿ ತಮ್ಮ ಮುಂದೆ ಇಡುತ್ತೇನೆ. ಪುನರ್ವಸು ಮಳೆಯಲ್ಲಿ, 2024ನೆಯ ಜುಲೈ 16ರಂದು, ಉತ್ತರಕನ್ನಡದ ಅಂಕೋಲೆಯ ಸಮೀಪದ ಶಿರೂರಿನಲ್ಲಿ ಹೆದ್ದಾರಿಗಾಗಿ ಬುಡವನ್ನು ಕತ್ತರಿಸಿದ್ದ ಗುಡ್ಡವು ಕುಸಿದು, ರಸ್ತೆಯ ಬದಿಯಲ್ಲಿದ್ದ ಚಹದಂಗಡಿಯನ್ನೂ ಅಲ್ಲಿದ್ದ ಜನರನ್ನೂ ಗಂಗಾವಳಿ ನದಿಗೆ ನೂಕಿತು. ಮಣ್ಣು ನದಿಗೆ ಬಿದ್ದ ರಭಸಕ್ಕೆ ನೀರು ಅಲೆಯಾಗಿ ಎದ್ದು ಎದುರುದಡದ ಉಳುವರೆ ಎಂಬ ಹಳ್ಳಿಯ ಮೇಲೆ ಬಿದ್ದು ಮನೆಗಳನ್ನು ಕೆಡವಿತು. ಅಲ್ಲಿಯೂ ಒಂದು ಜೀವ ಹೋಯಿತು. ಗುಡ್ಡ ಬಿದ್ದುದು ಒಂದು ದಡದಲ್ಲಿ, ಮನೆ ಹೋದುದು ಮತ್ತೊಂದು ದಡದಲ್ಲಿ. ಸುನಾಮಿಯು ಕಡಲಿಗೆ ಮಾತ್ರ ಸೇರಿದುದೆಂದು ತಿಳಿದಿದ್ದವರಿಗೆ ಇದು ತಕ್ಕ ಉತ್ತರ.

ಪುಷ್ಯ ಮಳೆಯಲ್ಲಿ, ಅದೇ ಜುಲೈ 30ರ ರಾತ್ರಿ, ವಯನಾಡಿನ ಮುಂಡಕ್ಕೈ ಚೂರಲ್‌ಮಲ ಗ್ರಾಮಗಳ ಮೇಲೆ ಬೆಟ್ಟವೇ ಇಳಿದುಬಂದಿತು. ನಲವತ್ತೆಂಟು ಗಂಟೆಗಳಲ್ಲಿ 572 ಮಿಲಿಮೀಟರ್, ಎಂದರೆ ಇಪ್ಪತ್ತೆರಡು ಇಂಚಿಗೂ ಮೇಲೆ, ಮಳೆಯಾಗಿತ್ತು. ಮಧ್ಯರಾತ್ರಿ ಕಳೆದ ಮೇಲೆ ಜನರು ನಿದ್ರೆಯಲ್ಲಿರುವಾಗ ಅದು ಸಂಭವಿಸಿ, ಇನ್ನೂರೈವತ್ತಕ್ಕಿಂತ ಹೆಚ್ಚು ಜನರು ಮಡಿದರು. ಹೊಟ್ಟೆಯ ಪಾಡಿಗಾಗಿ ನಮ್ಮ ನಾಡಿನಿಂದ ಅಲ್ಲಿಗೆ ಹೋಗಿದ್ದ ಕನ್ನಡದ ಜನರೂ ಅವರಲ್ಲಿದ್ದರು. ಭೂಮಿಯ ಶಾಖವು ಹೆಚ್ಚಿರುವ ಕಾರಣ ಆ ದಿನದ ಮಳೆಯು ಶೇಕಡ 10ರಷ್ಟು ಅಧಿಕವಾಗಿ ಸುರಿಯಿತೆಂದು ವಿಜ್ಞಾನಿಗಳು ಗಣನೆ ಮಾಡಿದ್ದಾರೆ.

ಆಶ್ಲೇಷಾ ಮಳೆಯಲ್ಲಿ, 2019ನೆಯ ಆಗಸ್ಟ್ ತಿಂಗಳಿನಲ್ಲಿ, ನಮ್ಮದೇ ಮೂಡಿಗೆರೆಯ ಸೀಮೆಯ ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿಗಳಲ್ಲಿ ಗುಡ್ಡಗಳು ಕುಸಿದುವು. ಮನೆ, ತೋಟ, ಗದ್ದೆಗಳು ಮಣ್ಣುಪಾಲಾದುವು. ಚಾರ್ಮಾಡಿ ಘಟ್ಟದ ರಸ್ತೆಯು ಹಲವೆಡೆ ಜರಿದು ಸಂಚಾರವು ನಿಂತಿತು. ಹೆಬ್ಬಾಳೆಯ ಸೇತುವೆಯು ಭದ್ರೆಯಲ್ಲಿ ಮುಳುಗಿ ಕಳಸಕ್ಕೂ ಹೊರನಾಡಿಗೂ ಸಂಬಂಧ ತಪ್ಪಿತು. ಮರುವರ್ಷ, 2020ರ ಆಗಸ್ಟ್ 6ರಂದು, ಅದೇ ಆಶ್ಲೇಷೆಯಲ್ಲಿ ತಲಕಾವೇರಿಯ ಬ್ರಹ್ಮಗಿರಿಯು ಕುಸಿದು ಅರ್ಚಕರ ಮನೆಯನ್ನು ಮುಚ್ಚಿತು. 2018ರಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಮೊದಲಾದ ಊರುಗಳು ಹಾಳಾದುದು ಆಶ್ಲೇಷೆಯು ಮುಗಿದು ಮಘೆಯು ಹಿಡಿಯುವ ಸಂಧಿಯಲ್ಲಿ.

ಈ ಕ್ರಮವನ್ನು ನೋಡಿದರೆ ಒಂದು ವಿಷಯವು ಸ್ಪಷ್ಟವಾಗುತ್ತದೆ. ಆರ್ದ್ರೆಯಿಂದ ಕುಡಿದ ನೀರನ್ನೆಲ್ಲ ನೆಲವು ಹೊಟ್ಟೆಯಲ್ಲಿಟ್ಟುಕೊಂಡು ತುಂಬಿ ನಿಂತಿರುವಾಗ, ಪುನರ್ವಸುವಿನಿಂದ ಮಘೆಯವರೆಗಿನ ಆರೇಳು ವಾರಗಳಲ್ಲಿ ಎರಡು ಮೂರು ದಿನ ಎಡೆಬಿಡದೆ ಬೀಳುವ ಮಳೆಯೇ ಗುಡ್ಡಕ್ಕೆ ಅಪಾಯಕಾರಿ. ಮಿಕ್ಕ ಕಾಲದಲ್ಲಿ ಅಪಾಯವಿಲ್ಲವೆಂದಲ್ಲ. ಆದರೆ ಈ ದಿನಗಳಲ್ಲಿ ಮಳೆಪುಸ್ತಕವನ್ನು ಬರೆದು ಮುಚ್ಚಿಡುವುದರ ಬದಲು ತೆರೆದು ಓದತಕ್ಕದ್ದು. ವಯನಾಡಿನಲ್ಲಿ ಕಲ್ಪೆಟ್ಟದ ಹ್ಯೂಮ್ ಕೇಂದ್ರದವರು ಊರೂರಿನ ಮಳೆಮಾಪಕಗಳ ಲೆಕ್ಕವನ್ನು ಕೂಡಿಸಿ ನೋಡುವವರು. ಅವರು ಹಿಂದಿನ ದಿನವೇ ಮುಂಡಕ್ಕೈ ಕಡೆಗೆ ಅಪಾಯವಿದೆಯೆಂದು ಎಚ್ಚರಿಕೆಯನ್ನು ಕೊಟ್ಟಿದ್ದರು. ಕೆಲವು ಕುಟುಂಬಗಳು ಹೊರಟವು. ಬಹುಮಂದಿ ಅಲ್ಲಿಯೇ ಉಳಿದರು.

ಮಳೆಯ ಅಳತೆಯಲ್ಲದೆ ನೆಲವೂ ತನ್ನ ಬಾಯಿಂದಲೇ ಹೇಳುತ್ತದೆ. ತೋಟದಲ್ಲಿ ಅಡ್ಡಲಾಗಿ ಬಿರುಕು ಬಿಟ್ಟು ದಿನದಿನಕ್ಕೆ ಅಗಲವಾಗುವುದು, ನೆಟ್ಟಗಿದ್ದ ಸಿಲ್ವರ್ ಮರವೋ ಕಂಬವೋ ಒಂದು ಕಡೆಗೆ ವಾಲುವುದು, ಮನೆಯ ಗೋಡೆ ಸೀಳುವುದು, ನಿನ್ನೆಯವರೆಗೆ ಸುಗಮವಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಚೌಕಟ್ಟಿನಲ್ಲಿ ಕಚ್ಚಿಕೊಳ್ಳುವುದು, ಹಿಂದೆಂದೂ ಇಲ್ಲದ ಕಡೆ ಜಲವೊಡೆಯುವುದು, ತಿಳಿಯಾಗಿ ಬರುತ್ತಿದ್ದ ಒರತೆಯು ಕೆಂಪಗಾಗಿ ಹರಿಯುವುದು, ನೆಲದೊಳಗಿಂದ ಗುಡುಗಿದಂತೆ ಶಬ್ದ ಬರುವುದು, ಇವೆಲ್ಲವೂ ಅದರ ಮಾತುಗಳು. ಇವೆಲ್ಲಕ್ಕಿಂತ ಭಯಂಕರವಾದ ಸೂಚನೆಯೊಂದಿದೆ. ಮಳೆಯು ಬೀಳುತ್ತಲೇ ಇರುವಾಗ ಮನೆಯ ಕೆಳಗಣ ಹಳ್ಳದ ನೀರು ಇದ್ದಕ್ಕಿದ್ದಂತೆ ಇಳಿದುಹೋಗುವುದು. ಹಳ್ಳ ತಗ್ಗಿತೆಂದು ಆಗ ಸಮಾಧಾನಪಡುವವರುಂಟು. ನೋಡುವುದಕ್ಕೆ ಕೆಳಗಿಳಿಯುವ ಹುಡುಗರೂ ಉಂಟು. ಆದರೆ ಅದರ ಅರ್ಥ ಬೇರೆ. ಮೇಲಣ ಕಣಿವೆಯಲ್ಲಿ ಮಣ್ಣು ಕುಸಿದು ಹಳ್ಳಕ್ಕೆ ಅಡ್ಡಬಿದ್ದಿದೆ. ನೀರು ಅದರ ಹಿಂದೆ ಕಟ್ಟಿಕೊಳ್ಳುತ್ತಿದೆ. ಒಡ್ಡು ಒಡೆದಾಗ ಮಣ್ಣು, ಮರ, ಬಂಡೆಗಳೊಡನೆ ಎಲ್ಲವೂ ಒಮ್ಮೆಗೇ ಬರುತ್ತದೆ. ಹಿಂದೆ ಸರಿದ ಕಡಲೂ ತಗ್ಗಿದ ಹಳ್ಳವೂ ಹೇಳುವ ಮಾತು ಒಂದೇ. ನೀರು ಇರಬೇಕಾದ ಕಡೆ ಇಲ್ಲದಿದ್ದರೆ ಅದು ಮತ್ತೊಂದು ಕಡೆ ಬಲಗೂಡಿಸುತ್ತಿದೆಯೆಂದು ತಿಳಿದು, ನೋಡುತ್ತ ನಿಲ್ಲದೆ, ಹಳ್ಳದ ದಾರಿಯನ್ನು ಬಿಟ್ಟು ಪಕ್ಕದ ಎತ್ತರಕ್ಕೆ ಹೋಗತಕ್ಕದ್ದು.

ಇಲ್ಲಿ ಶಾಸ್ತ್ರದ ಮಾತೊಂದನ್ನು ವಿಚಾರಿಸಬೇಕಾಗಿದೆ. ಇಂಥ ಅನಾಹುತಗಳಾದಾಗಲೆಲ್ಲ ‘ಅವರ ಕರ್ಮ, ಅವರ ಪಾಪದ ಫಲ’ ಎಂದು ಹೇಳುವವರುಂಟು. 1934ನೆಯ ಜನವರಿ 15ರಂದು ಬಿಹಾರದಲ್ಲಿ ಮಹಾಭೂಕಂಪವಾಗಿ ಸಾವಿರಾರು ಜನರು ಸತ್ತಾಗ, ಅಸ್ಪೃಶ್ಯತೆಯೆಂಬ ಪಾಪಕ್ಕೆ ಇದು ದೈವವು ಕೊಟ್ಟ ಶಿಕ್ಷೆಯೆಂದು ಮಹಾತ್ಮ ಗಾಂಧಿಯವರು ಹೇಳಿದರು. ಅಸ್ಪೃಶ್ಯತೆಯನ್ನು ಗಾಂಧಿಯವರಷ್ಟೇ ದ್ವೇಷಿಸುತ್ತಿದ್ದ ರವೀಂದ್ರನಾಥ ಠಾಕೂರರು ಈ ಮಾತನ್ನು ಒಪ್ಪಲಿಲ್ಲ. ಭೌತಿಕವಾದ ಉತ್ಪಾತಕ್ಕೆ ಭೌತಿಕವಾದ ಕಾರಣವೇ ಇರಬೇಕೆಂದು ಅವರು ಪ್ರತಿಭಟಿಸಿ ಬರೆದರು. ಗಾಂಧಿಯವರು ಅದನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಪ್ರಕಟಿಸಿ ಉತ್ತರ ಬರೆದರು. ಇಬ್ಬರು ಮಹನೀಯರ ಈ ವಾದವು ಎಷ್ಟು ಸೌಜನ್ಯದಿಂದ ನಡೆಯಿತೆಂಬುದೂ ನಮಗೆ ಪಾಠವೇ.

ಜನರ ಅಪಚಾರದಿಂದ ಉಪದ್ರವಗಳು ಉಂಟಾಗುತ್ತವೆಂದು ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಹೇಳಿದೆ. ಹಾಗಾದರೆ ಮಡಿದವರು ಪಾಪಿಗಳೆ? ಶಿರೂರಿನಲ್ಲಿ ಗುಡ್ಡದ ಬುಡವನ್ನು ಕತ್ತರಿಸಿದವರು ಯಾರು, ಎದುರುದಡದಲ್ಲಿ ಮನೆಯನ್ನು ಕಳೆದುಕೊಂಡವರು ಯಾರು? ಬೆಟ್ಟದ ನೆತ್ತಿಯಲ್ಲಿ ನೋಟಕ್ಕೆ ಸೊಗಸಾಗಿರಲೆಂದು ನೆಲವನ್ನು ಸಮಮಾಡಿ ರೆಸಾರ್ಟು ಕಟ್ಟಿದವರು ಯಾರು, ಕೆಳಗೆ ಕೂಲಿಲೈನಿನಲ್ಲಿ ಮಲಗಿದ್ದವರು ಯಾರು? ಅಪಚಾರವು ಒಬ್ಬನದು, ಅದರ ಫಲವು ಮತ್ತೊಬ್ಬನದು ಎಂಬುದನ್ನು ಕಣ್ಣಾರೆ ನೋಡುತ್ತಿರುವಾಗ, ಮಡಿದವನ ತಲೆಗೆ ಪಾಪವನ್ನು ಕಟ್ಟುವುದು ಶಾಸ್ತ್ರವೂ ಅಲ್ಲ, ನ್ಯಾಯವೂ ಅಲ್ಲ. ಕರ್ಮಸಿದ್ಧಾಂತವು ನನ್ನ ನಡತೆಯನ್ನು ನಾನು ತೂಗಿಕೊಳ್ಳುವುದಕ್ಕೆ ಇರುವ ತಕ್ಕಡಿ; ನೊಂದವರನ್ನು ತೂಗುವುದಕ್ಕೆ ಅದನ್ನು ಎತ್ತಿಕೊಳ್ಳತಕ್ಕದ್ದಲ್ಲ. ಅಪಚಾರವೆಂಬ ಮಾತಿಗೆ ಈ ಸೀಮೆಯಲ್ಲಿ ಅರ್ಥವನ್ನು ಹುಡುಕುವುದಾದರೆ, ಹಳ್ಳದ ದಾರಿಯನ್ನು ಮುಚ್ಚಿದುದು, ಧರೆಯನ್ನು ನೆಟ್ಟಗೆ ಕಡಿದುದು, ಕಾನನ್ನು ಬೋಳುಮಾಡಿದುದು ಇವುಗಳಲ್ಲಿ ಹುಡುಕೋಣ. ಅದನ್ನು ಮಾಡಿದವರು ಯಾವಾಗಲೂ ಹೊರಗಿನವರೇ ಎಂದು ಹೇಳುವಂತೆಯೂ ಇಲ್ಲ.

ನಮ್ಮ ಪ್ರಾಚೀನರು ವಿಪತ್ತನ್ನು ಕಂಡು ಕೈಮುಗಿದು ಸುಮ್ಮನೆ ಕುಳಿತವರಲ್ಲ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಯಿಂದ ಉದ್ಧರಿಸಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಇದಕ್ಕೆ ಸಾಕ್ಷಿ. ಅದರಲ್ಲಿ ಮಳೆಯನ್ನು ಅಳೆಯುವ ಪಾತ್ರೆಯ ವಿಧಾನವಿದೆ. ಬೆಂಕಿ, ಪ್ರವಾಹ, ವ್ಯಾಧಿ, ಕ್ಷಾಮ ಮೊದಲಾದ ಎಂಟು ಮಹಾಭಯಗಳಿಗೆ ಪ್ರತೀಕಾರವನ್ನು ಹೇಳುವ ಒಂದು ಅಧ್ಯಾಯವೇ ಇದೆ. ಮಳೆಗಾಲದಲ್ಲಿ ನದೀತೀರದ ಗ್ರಾಮಸ್ಥರು ಪ್ರವಾಹದ ಎಲ್ಲೆಯನ್ನು ಬಿಟ್ಟು ದೂರದಲ್ಲಿ ವಾಸಮಾಡತಕ್ಕದ್ದು, ಹಲಗೆ, ಬಿದಿರು, ದೋಣಿಗಳನ್ನು ಮುಂಚಿತವಾಗಿ ಸಿದ್ಧವಾಗಿಟ್ಟುಕೊಳ್ಳತಕ್ಕದ್ದು ಎಂದು ಅಲ್ಲಿ ವಿಧಿಸಿದೆ. ಕೊಚ್ಚಿಹೋಗುತ್ತಿರುವವನನ್ನು ಎತ್ತದೆ ನೋಡುತ್ತ ನಿಂತವನಿಗೆ ಹನ್ನೆರಡು ಪಣಗಳ ದಂಡ. ದೋಣಿಯಿಲ್ಲದವನಿಗೆ ಮಾತ್ರ ವಿನಾಯಿತಿ. ದೇವತಾರ್ಚನೆಯನ್ನೂ ಅಲ್ಲಿ ಹೇಳಿದೆ. ಆದರೆ ಅರ್ಚನೆಯಿದೆಯೆಂದು ಹಲಗೆ ಬಿದಿರುಗಳನ್ನು ಬಿಡತಕ್ಕದ್ದೆಂದು ಹೇಳಿಲ್ಲ. ಮೊದಲು ಸ್ಥಾನವನ್ನು ಬಿಟ್ಟು ಹೊರಡುವುದು, ಆಮೇಲೆ ರಕ್ಷಣೆಗೆ ಸಾಧನಗಳು, ಕೊನೆಗೆ ನೆರೆಯವನನ್ನು ಎತ್ತುವ ಹೊಣೆ. ಇಂದಿನ ಸರ್ಕಾರದವರು ಹೇಳುವುದಾದರೂ ಇದಕ್ಕಿಂತ ಬೇರೆಯಾಗಿ ಏನಿದೆ?

ಇಷ್ಟೆಲ್ಲ ತಿಳಿದಿದ್ದೂ ಜನರು ಮನೆಯನ್ನು ಬಿಟ್ಟು ಹೊರಡುವುದಿಲ್ಲವೇಕೆ? ಅವರು ಅವಿವೇಕಿಗಳೆಂದು ಹೇಳಿ ಮುಗಿಸುವುದು ಸುಲಭ, ಸತ್ಯವಲ್ಲ. ಕೊಟ್ಟಿಗೆಯಲ್ಲಿ ಹಾಲು ಕೊಡುವ ಹಸು ಕಟ್ಟಿದೆ. ಒಳಗೆ ಹಾಸಿಗೆ ಹಿಡಿದ ತಾಯಿಯಿದ್ದಾಳೆ. ಉಪ್ಪರಿಗೆಯಲ್ಲಿ ಮೆಣಸಿದೆ, ಅಡಿಕೆಯಿದೆ. ಇವುಗಳನ್ನು ಯಾರ ಕೈಗೆ ಒಪ್ಪಿಸಿ ಹೋಗಬೇಕು? ಹೋದರೆ ಎಲ್ಲಿಗೆ ಹೋಗಬೇಕು? ನೆಂಟರ ಮನೆಗೆ ಒಂದು ದಿನ ಹೋಗಬಹುದು, ನಾಲ್ಕು ದಿನ ಹೋಗಲಾಗುವುದಿಲ್ಲ. ಲೈನುಮನೆಯ ಕೂಲಿಯವನಿಗಂತೂ ಆ ಒಂದು ದಿನದ ನೆಂಟರೂ ಈ ಸೀಮೆಯಲ್ಲಿರುವುದಿಲ್ಲ. ಇವುಗಳಿಗಿಂತ ಬಲವಾದ ಮತ್ತೊಂದು ಕಾರಣವಿದೆ. ಅದು ನಗೆಪಾಟಲಿನ ಭಯ. ಒಬ್ಬನು ಬಿರುಕನ್ನು ಕಂಡು ಹೆಂಡತಿಮಕ್ಕಳೊಡನೆ ಹೊರಟು ಬರುತ್ತಾನೆ. ಆ ರಾತ್ರಿ ಗುಡ್ಡ ಬೀಳುವುದಿಲ್ಲ. ಬೆಳಗಾದ ಮೇಲೆ ಊರವರು ಅವನನ್ನು ಪುಕ್ಕಲನೆಂದು ನಗುತ್ತಾರೆ. ಮುಂದಿನ ಸಲ ಬಿರುಕನ್ನು ಕಂಡರೂ ಅವನು ಹೊರಡುವುದಿಲ್ಲ. ಅವನನ್ನು ನೋಡಿ ಪಕ್ಕದ ಮನೆಯವನೂ ಹೊರಡುವುದಿಲ್ಲ. ಗುಡ್ಡವು ಹತ್ತು ಸಲ ಸೂಚನೆ ಕೊಟ್ಟು ಬೀಳದೆ ನಿಲ್ಲಬಹುದು. ಹನ್ನೊಂದನೆಯ ಸಲ ಬಿದ್ದಾಗ ಆ ಮನೆಯವರನ್ನು ಅಲ್ಲಿ ಕಟ್ಟಿಹಾಕಿದ್ದು ನಾವು ಹತ್ತು ಸಲ ನಕ್ಕ ನಗೆಯೇ ಆಗಿರುತ್ತದೆ.

ಆದುದರಿಂದ ಮಠದ ಭಕ್ತರಲ್ಲಿ ನನ್ನ ಬಿನ್ನಹವೇನೆಂದರೆ, ದಾಸೋಹದ ಅರ್ಥವನ್ನು ನಾವು ಸ್ವಲ್ಪ ಮುಂದಕ್ಕೆ ತರಬೇಕು. ಅನಾಹುತವಾದ ಮೇಲೆ ಅಕ್ಕಿ ಬರುತ್ತದೆ, ಬಟ್ಟೆ ಬರುತ್ತದೆ, ಹಣ ಬರುತ್ತದೆ. ಕನ್ನಡನಾಡು ಆ ವಿಷಯದಲ್ಲಿ ಎಂದೂ ಹಿಂದುಳಿದಿಲ್ಲ. ಕೊಡುವವರ ಹೆಸರು ಪತ್ರಿಕೆಯಲ್ಲಿಯೂ ಬರುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಎಲ್ಲರೂ ಮರೆಯುತ್ತಾರೆ. ನೆಲವನ್ನು ಕಳೆದುಕೊಂಡ ಕುಟುಂಬಗಳು ಬದಲಿ ನೆಲಕ್ಕಾಗಿ ವರ್ಷಗಟ್ಟಲೆ ಅಲೆಯುವುದನ್ನು ಈ ಸೀಮೆಯವರು ನೋಡಿದ್ದಾರೆ. ಗುಡ್ಡ ಬೀಳುವುದಕ್ಕೆ ಮುಂಚಿನ ರಾತ್ರಿ ತೆರೆದ ಬಾಗಿಲಿಗೆ ಯಾವ ಹೆಸರೂ ಬರುವುದಿಲ್ಲ. ಗುಡ್ಡ ಬೀಳದಿದ್ದರೆ ಅದು ವ್ಯರ್ಥವೆಂದೂ ತೋರುತ್ತದೆ. ಆದರೆ ಜೀವವನ್ನು ಉಳಿಸುವುದು ಆ ಬಾಗಿಲೇ. ಕೀರ್ತಿಯ ಆಸೆಯಿಲ್ಲದೆ ಮಾಡುವ ಸೇವೆಯು ದಾಸೋಹವೆನಿಸಿಕೊಳ್ಳುವುದಾದರೆ, ಇದಕ್ಕಿಂತ ಶುದ್ಧವಾದ ದಾಸೋಹವು ಯಾವುದು?

ಇದಕ್ಕಾಗಿ ನಾಲ್ಕು ಕೆಲಸಗಳನ್ನು ಸೂಚಿಸುತ್ತೇನೆ. ಮೊದಲನೆಯದು: ಪುನರ್ವಸುವಿನಿಂದ ಮಘೆಯವರೆಗೆ, ಮಳೆಯನ್ನು ಅಳೆಯುವ ತೋಟದವರು ಪ್ರತಿದಿನದ ಲೆಕ್ಕವನ್ನು ಒಬ್ಬರಿಗೊಬ್ಬರು ತಿಳಿಸತಕ್ಕದ್ದು. ಈಗ ಕೈಯಲ್ಲಿ ಫೋನು ಇರುವುದರಿಂದ ಇದು ಕ್ಷಣದ ಕೆಲಸ. ಬೆಟ್ಟದ ಮೇಲಿನ ತೋಟದಲ್ಲಿ ಬಿದ್ದ ಮಳೆಯನ್ನು ಹಳ್ಳದ ಬದಿಯ ಲೈನುಮನೆಯವನೂ ತಿಳಿಯಬೇಕು. ಏಕೆಂದರೆ ಅದು ಹೋಗುವುದು ಅವನ ಬಾಗಿಲಿಗೇ.

ಎರಡನೆಯದು: ಊರಿನ ವೃದ್ಧರನ್ನು ಕೇಳಿ, ಹಿಂದೆ ಯಾವ ಯಾವ ಗುಡ್ಡ ಜರಿದಿತ್ತು, ಯಾವ ಹಳ್ಳವು ಯಾವ ದಾರಿಯಲ್ಲಿ ಹರಿಯುತ್ತಿತ್ತು ಎಂಬುದನ್ನು ಮಕ್ಕಳಿಂದ ಬರೆಸಿಡತಕ್ಕದ್ದು. ವಯನಾಡಿನ ಮುಂಡಕ್ಕೈಯಲ್ಲಿ 1984ರಲ್ಲಿಯೂ ಬೆಟ್ಟವು ಕುಸಿದಿತ್ತು. ಅದರ ನೆರೆಯ ಪುತ್ತುಮಲೆಯಲ್ಲಿ 2019ರಲ್ಲಿ ಕುಸಿಯಿತು. ಒಮ್ಮೆ ಜಾರಿದ ಬೆಟ್ಟವು ತನ್ನ ದಾರಿಯನ್ನು ಮರೆಯುವುದಿಲ್ಲ. ಅದನ್ನು ಮರೆಯುವವರು ನಾವು. ಸಿಮೆಉಲುವಿನ ಅಜ್ಜಿಯರು ಮಾಡಿದ ಕೆಲಸವನ್ನು ನಮ್ಮ ಅಜ್ಜಿಯರೂ ಮಾಡಲಾರರೆ?

ಮೂರನೆಯದು: ಧರೆಯನ್ನು ಕಡಿಯುವುದಕ್ಕೂ ಹಳ್ಳಕ್ಕೆ ಮಣ್ಣು ತುಂಬುವುದಕ್ಕೂ ಮುಂಚೆ, ಕೆಳಗಿರುವವರನ್ನು ಒಂದು ಮಾತು ಕೇಳತಕ್ಕದ್ದು. ನೆಲವು ನಮ್ಮ ಹೆಸರಿನಲ್ಲಿರಬಹುದು; ಅದರ ಮೇಲೆ ಬೀಳುವ ನೀರು ನಮ್ಮ ಬೇಲಿಯನ್ನು ಕೇಳಿ ಹರಿಯುವುದಿಲ್ಲ. ಪಶ್ಚಿಮಘಟ್ಟದ ಸಂರಕ್ಷಣೆಯ ವರದಿಗಳ ವಿಷಯದಲ್ಲಿ ನಮ್ಮ ಸೀಮೆಯಲ್ಲಿ ಭಿನ್ನಾಭಿಪ್ರಾಯಗಳಿವೆ. ತಲೆತಲಾಂತರದಿಂದ ಬದುಕಿದ ನೆಲದಿಂದ ಎಬ್ಬಿಸಿಯಾರೆಂಬ ಜನರ ಭಯವು ಸುಳ್ಳೆಂದು ನಾನು ಹೇಳಲಾರೆ. ಆದರೆ ಯಾವ ಕಾಯಿದೆಯೂ ಬರುವುದಕ್ಕೆ ಕಾಯದೆ ನಾವು ನಾವೇ ಪಾಲಿಸಬಹುದಾದ ಮರ್ಯಾದೆ ಇದು.

ನಾಲ್ಕನೆಯದು: ಊರಿಗೊಂದು ಭದ್ರವಾದ ಸ್ಥಳವನ್ನು ಮಳೆಗಾಲಕ್ಕೆ ಮುಂಚೆಯೇ ಗೊತ್ತುಮಾಡಿ, ಅಲ್ಲಿ ಜನರಿಗೆ ಮಲಗಲು ಸ್ಥಳ, ಒಲೆ, ದೀಪ, ದನಗಳಿಗೆ ಕಟ್ಟುವ ಜಾಗವನ್ನು ಸಿದ್ಧಮಾಡಿಡತಕ್ಕದ್ದು. ದನವನ್ನು ಬಿಟ್ಟು ರೈತನು ಬಾರನೆಂಬುದನ್ನು ನೆನಪಿಡಬೇಕು. ಆ ಸ್ಥಳಕ್ಕೆ ತೋಟದ ಯಜಮಾನನೂ ಅವನ ಕೂಲಿಯವನೂ ಒಂದೇ ಬಾಗಿಲಿನಿಂದ ಬಂದು ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳಬೇಕು. ಹೊರಡುವವರು ಬೆಳಕಿರುವಾಗಲೇ ಹೊರಡಬೇಕು; ಮಧ್ಯರಾತ್ರಿಯ ಮಳೆಯಲ್ಲಿ ದಾರಿಯೂ ವೈರಿಯೇ. ಮಠದ ಕಟ್ಟಡಗಳಿರುವ ಕಡೆಗಳಲ್ಲಿ ಅವುಗಳ ಬಾಗಿಲನ್ನು ಇಂಥ ರಾತ್ರಿಗಳಿಗಾಗಿ ತೆರೆದಿಡಲು ಅಪ್ಪಣೆಕೊಡಬೇಕೆಂದು ಸನ್ನಿಧಿಯವರಲ್ಲಿ ಎಲ್ಲರ ಪರವಾಗಿ ಬೇಡಿಕೊಳ್ಳುತ್ತೇನೆ.

ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ. ಬೇಕಾದುದು ಒಂದು ನಿಶ್ಚಯ ಮಾತ್ರ. ಈ ವರ್ಷ ಆಶ್ಲೇಷಾ ಮಳೆಯಲ್ಲಿ ಯಾರಾದರೂ ಹಸುಕರುವನ್ನು ಹಿಡಿದುಕೊಂಡು, ಮಕ್ಕಳನ್ನು ಎತ್ತಿಕೊಂಡು, ತೊಯ್ದು ತಪ್ಪಡಿಯಾಗಿ ನಮ್ಮ ಬಾಗಿಲಿಗೆ ಬಂದರೆ, ‘ಏನಾಯಿತು?’ ಎಂದು ಕೇಳುವುದಕ್ಕೆ ಮುಂಚೆ ‘ಒಳಗೆ ಬನ್ನಿ’ ಎನ್ನೋಣ. ಬೆಳಗ್ಗೆ ಅವರ ಗುಡ್ಡವು ಬೀಳದೆ ನಿಂತಿದ್ದರೆ ಸಂತೋಷಪಡೋಣ, ನಗುವುದು ಬೇಡ. ಹತ್ತು ಸಲ ವ್ಯರ್ಥವಾಗಿ ಬಂದವನು ಹನ್ನೊಂದನೆಯ ಸಲವೂ ನಾಚದೆ ಬರುವಂತೆ ನಾವು ನಡೆದುಕೊಂಡರೆ, ಈ ಮಹೋತ್ಸವವು ಸಾರ್ಥಕವಾಯಿತೆಂದು ನಾನು ತಿಳಿಯುತ್ತೇನೆ.

ಮಲೆಸೀಮೆಯ ಜನಕ್ಕೂ ದನಕರುಗಳಿಗೂ ಈ ಮಳೆಗಾಲವು ಕ್ಷೇಮವಾಗಿ ಕಳೆಯಲೆಂದು ಪ್ರಾರ್ಥಿಸಿ, ನನ್ನ ಉಪನ್ಯಾಸವನ್ನು ಮುಗಿಸುತ್ತೇನೆ.